ಸಾಕುನಾಯಿಗೂ ಸೀಳುನಾಯಿಗೂ ನಡುವೆ

ಶನಿವಾರ ಬೆಳಗಾಯಿತೆಂದರೆ ಗುಂಡ್ಲುಪೇಟೆಯಿಂದ ಹಂಗಳದ ಕಡೆಗೆ ಹೊರಳುವ ರಸ್ತೆಯಲ್ಲಿ ಬೆಂಗಳೂರು, ಮೈಸೂರಿನ ಕಾರುಗಳ ಸಾಲು ಬೆಳೆಯುತ್ತದೆ. ಕೆಲವು ಕಾರುಗಳ ಹಿಂದಿನ ಕಿಟಕಿಯಲ್ಲಿ ಸಾಕುನಾಯಿಯ ಮುಖವೂ ಕಾಣಿಸುತ್ತದೆ. ವಾರವಿಡೀ ಮಹಡಿ ಮನೆಯಲ್ಲಿ ಕಟ್ಟಿಹಾಕಿದ ಪ್ರಾಣಿಗೆ ಎರಡು ದಿನವಾದರೂ ಹಸಿರು ಕಾಣಿಸೋಣವೆಂಬುದು ಒಡೆಯರ ಆಸೆ. ಆಸೆಯಲ್ಲಿ ಕೆಡುಕೇನೂ ಇಲ್ಲ. ಆದರೆ ಆ ಆಸೆ ಬಂದು ನಿಲ್ಲುವ ಸ್ಥಳ ಬಂಡೀಪುರದ ಅಂಚು. ಅಲ್ಲಿ ಒಂದು ನಾಯಿಯ ಓಡಾಟಕ್ಕೂ ಬೆಲೆಯಿದೆ. ಆ ಬೆಲೆಯನ್ನು ತೆರುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದವರಲ್ಲ.

ನಾಯಿಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ‘ಕಾಳಿ’ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಬಹುಮಾನವಾಗಿ ಬೇಡಿ ಪಡೆದದ್ದು ಈ ನಾಯಿಯನ್ನೇ. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ನಾಯಿಗೆ ಕಲ್ಲು ನೆಡಿಸಿದ ನಾಡು ಇದು. ಇಂದಿಗೂ ಕಾಡಂಚಿನ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾಯುವ ರೈತನ ಪಕ್ಕದಲ್ಲಿ ನಾಯಿಯೊಂದು ಇದ್ದೇ ಇರುತ್ತದೆ. ಹೀಗಿರುವಾಗ ಇಲ್ಲಿ ಏಳುವ ಪ್ರಶ್ನೆ ನಾಯಿಯನ್ನು ಪ್ರೀತಿಸಬೇಕೇ ಬೇಡವೇ ಎಂಬುದಲ್ಲ. ಪ್ರೀತಿಸುವ ನಾಯಿಯನ್ನು ಎಲ್ಲಿಗೆ ಕರೆದೊಯ್ಯಬಾರದು ಎಂಬುದು.

ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲೊಂದು. ಮುದುಮಲೆ, ವಯನಾಡು, ನಾಗರಹೊಳೆಗಳೊಡನೆ ಒಂದೇ ಹಾಸಾಗಿ ಹಬ್ಬಿರುವ ಈ ಕಾಡಿನೊಳಗೆ ಪ್ರವಾಸಿಯೊಬ್ಬನು ತನ್ನಿಷ್ಟದಂತೆ ಗುಡಾರ ಹೂಡುವುದಕ್ಕಾಗಲಿ, ಬೆಟ್ಟ ಹತ್ತುವುದಕ್ಕಾಗಲಿ, ನಾಯಿಯನ್ನು ಕರೆತರುವುದಕ್ಕಾಗಲಿ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನುಮತಿಯಿಲ್ಲದ ಪ್ರವೇಶವನ್ನು ತಡೆಯುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಭಕ್ತರು ಕೂಡ ತಮ್ಮ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಆದುದರಿಂದ ವಾರಾಂತ್ಯದ ಗುಡಾರಗಳು ಏಳುವುದು ಕಾಡಿನ ಹೊರಗೆ: ಹಂಗಳ, ಮೇಲುಕಾಮನಹಳ್ಳಿ, ಮಂಗಳದಂತಹ ಊರುಗಳ ಸುತ್ತಣ ಹೊಲಗಳಲ್ಲಿ, ಬೆಟ್ಟದ ತಪ್ಪಲಿನ ತೋಟಗಳಲ್ಲಿ. ಈ ಅಂಚನ್ನು 2012ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಕಾಗದದ ಮೇಲೆ ಕಾಡು ಆನೆಕಂದಕದ ಬಳಿ ಮುಗಿಯುತ್ತದೆ. ಆನೆಗೆ, ಚಿರತೆಗೆ, ಉಣುಗಿಗೆ, ರೋಗಾಣುವಿಗೆ ಆ ಗೆರೆ ಕಾಣುವುದಿಲ್ಲ.

ಮೊದಲು ಹವೆಯ ಮಾತು. ಗುಂಡ್ಲುಪೇಟೆಯ ಬಯಲು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಗೋಪಾಲಸ್ವಾಮಿ ಬೆಟ್ಟದ ನೆತ್ತಿ 1,454 ಮೀಟರ್. ಕೆಳಗಿಗೂ ಮೇಲಕ್ಕೂ ಉಷ್ಣತೆಯಲ್ಲಿ ಸುಮಾರು 4 ಡಿಗ್ರಿಗಳ ಅಂತರ. ಅದರ ಮೇಲೆ ಗಾಳಿ, ಮಂಜು. ಹಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಬೆಟ್ಟದ ಮೇಲೆ ಹತ್ತು ಮಾರು ಆಚೆಗೆ ಏನೂ ಕಾಣದಂತಾಗುವುದು ಸ್ಥಳೀಯರಿಗೆ ಹೊಸದಲ್ಲ. ಹಿಮವದ್ ಎಂಬ ಹೆಸರೇ ಅದರಿಂದ ಬಂದದ್ದು. ಪಶ್ಚಿಮದ ವಯನಾಡಿನ ಮಗ್ಗುಲಿನಲ್ಲಿ ಮುಂಗಾರು ಸುರಿಯುತ್ತಿದ್ದರೆ ಪೂರ್ವದ ಹೊಲಗಳು ಮಳೆಯ ನೆರಳಿನಲ್ಲಿ ಒಣಗಿರುತ್ತವೆ. ಅಶ್ವಿನಿ, ಭರಣಿ ಮಳೆಗಳು ಮಧ್ಯಾಹ್ನದವರೆಗೆ ಸುಳಿವು ಕೊಡದೆ ಸಂಜೆ ಗುಡುಗು, ಸಿಡಿಲು, ಆಲಿಕಲ್ಲುಗಳೊಡನೆ ಎರಗುತ್ತವೆ. ಬೇಸಾಯಗಾರನಿಗೆ ಇದು ಪಂಚಾಂಗದ ವಿಷಯ. ನಗರದ ಚಾರಣಿಗನಿಗೆ ಮೊಬೈಲಿನ ಪರದೆಯ ಮೇಲಿನ ಸೂರ್ಯನ ಚಿತ್ರವೇ ಪ್ರಮಾಣ. ಆ ಚಿತ್ರ ಗುಂಡ್ಲುಪೇಟೆಯ ಪಟ್ಟಣಕ್ಕೆ ಹೇಳಿದ್ದು, ಬೆಟ್ಟಕ್ಕಲ್ಲ ಎಂಬುದು ಆತನಿಗೆ ತಿಳಿಯುವಷ್ಟರಲ್ಲಿ ಮಳೆ ಬಂದಿರುತ್ತದೆ.

ಹವೆ ಕೆಟ್ಟಾಗ ಮನುಷ್ಯನಿಗಿಂತ ನಾಯಿಯ ಪಾಡು ಹೆಚ್ಚು ಕಷ್ಟದ್ದು. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಅದು ಮೈಯ ಬಿಸಿಯನ್ನು ಕಳೆದುಕೊಳ್ಳಬೇಕು. ಮಾರ್ಚ್, ಏಪ್ರಿಲ್ ತಿಂಗಳ ಏರುಹಾದಿಯಲ್ಲಿ ಚಪ್ಪಟೆ ಮೂತಿಯ ತಳಿಗಳು ಒಂದು ಗಂಟೆಯಲ್ಲಿ ಕುಸಿದುಬಿಡಬಹುದು. ಅದೇ ನಾಯಿ ಸಂಜೆಯ ಮಳೆಯಲ್ಲಿ ತೊಯ್ದು ಗಾಳಿಗೆ ಸಿಕ್ಕರೆ ಚಳಿಯಿಂದ ಸೆಟೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಸಿಡಿಲಿನ ಸದ್ದು. ಗುಡುಗಿಗೆ ಬೆದರಿದ ನಾಯಿ ಹಗ್ಗ ಕಿತ್ತುಕೊಂಡು ಕಣ್ಣಿಗೆ ಕಂಡ ದಿಕ್ಕಿಗೆ ಓಡುತ್ತದೆ. ಬಂಡೀಪುರದ ಅಂಚಿನಲ್ಲಿ ಆ ದಿಕ್ಕು ಕಾಡಿನದೇ ಆಗಿದ್ದರೆ, ಅದನ್ನು ಹುಡುಕಲು ಕತ್ತಲಲ್ಲಿ ಹೊರಡುವವರು ಯಾರು? ಒಡೆಯನಿಗೆ ದಾರಿ ಗೊತ್ತಿಲ್ಲ. ಕೊನೆಗೆ ಟಾರ್ಚು ಹಿಡಿದು ಮುಂದೆ ನಡೆಯುವವರು ಕಳ್ಳಬೇಟೆ ತಡೆ ಶಿಬಿರದ ದಿನಗೂಲಿ ಕಾವಲುಗಾರರು, ಇಲ್ಲವೇ ಹತ್ತಿರದ ಹಾಡಿಯ ಜೇನುಕುರುಬರು, ಸೋಲಿಗರು. ಇನ್ನೊಬ್ಬರ ಜೀವವನ್ನು ಪಣಕ್ಕಿಟ್ಟು ನಡೆಸುವ ವಿಹಾರಕ್ಕೆ ಸಾಹಸವೆಂದು ಹೆಸರಿಡುವುದು ಸರಿಯಲ್ಲ.

ಎರಡನೆಯದು ಕಾಡುಪ್ರಾಣಿಗಳ ಮಾತು. ಚಿರತೆಗೆ ನಾಯಿ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕಬ್ಬಿನ ಸೀಮೆಯಲ್ಲಿ ನಡೆದ ಅಧ್ಯಯನವೊಂದು ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ 39 ಪ್ರತಿಶತ ಸಾಕುನಾಯಿಗಳೇ ಎಂದು ಕಂಡುಕೊಂಡಿತು. ಗುಡಾರದ ಬಳಿ ಕಟ್ಟಿದ ನಾಯಿ ಚಿರತೆಗೆ ಕೊಟ್ಟ ಆಹ್ವಾನವಾಗುತ್ತದೆ. ಹಾಗೆ ಬಂದ ಚಿರತೆ ಗುಡಾರ ಕಿತ್ತ ಮೇಲೂ ಊರಿನ ಸುತ್ತ ಸುಳಿಯುತ್ತದೆ. ಆನೆಯ ವಿಷಯದಲ್ಲಿ ಅಪಾಯದ ಬಗೆ ಬೇರೆ. ಆನೆಯನ್ನು ಕಂಡ ನಾಯಿ ಬೊಗಳುತ್ತ ಮುನ್ನುಗ್ಗುತ್ತದೆ, ಆನೆ ತಿರುಗಿ ಬಿದ್ದೊಡನೆ ಒಡೆಯನ ಕಾಲಿನ ಸಂದಿಗೆ ಓಡಿ ಬರುತ್ತದೆ, ಅದರ ಬೆನ್ನಿಗೆ ಆನೆಯೂ ಬರುತ್ತದೆ. ಕರಡಿಯೊಡನೆಯೂ ಹೀಗೆಯೇ. ನಾಯಿಯ ಪ್ರಚೋದನೆಯಿಲ್ಲದೆಯೂ ಆನೆ ಎಷ್ಟು ಬೇಗ ತಿರುಗಬಲ್ಲದೆಂಬುದನ್ನು 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಸೆಲ್ಫಿಗೆ ಇಳಿದು ತುಳಿತಕ್ಕೆ ಸಿಕ್ಕಿ ಬದುಕುಳಿದ ಪ್ರವಾಸಿಯ ಪ್ರಕರಣ ನಾಡಿಗೆಲ್ಲ ತೋರಿಸಿತು. ಆತನಿಗೆ 25,000 ರೂಪಾಯಿ ದಂಡ ಬಿತ್ತು. ಕೆರಳಿದ ಆನೆ ಮರುದಿನ ಎದುರಾಗುವುದು ಹಾಲು ಹಾಕಲು ಹೊರಟ ಹೆಣ್ಣುಮಗಳಿಗೋ ಶಾಲೆಗೆ ನಡೆದು ಹೋಗುವ ಮಗುವಿಗೋ ಆದರೆ ಅದಕ್ಕೆ ದಂಡ ಕಟ್ಟುವವರು ಯಾರೂ ಇರುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ ಅಪಾಯ, ಆದುದರಿಂದಲೇ ಎಲ್ಲಕ್ಕಿಂತ ಗಂಭೀರವಾದದ್ದು. ಬಂಡೀಪುರದ ಸೀಳುನಾಯಿ ಜಗತ್ತಿನ ಅಪರೂಪದ ಪ್ರಾಣಿಗಳಲ್ಲೊಂದು. ಒಂದು ಕಾಲಕ್ಕೆ ಅದನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1970ರ ದಶಕದಲ್ಲಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಇದೇ ಬಂಡೀಪುರದಲ್ಲಿ ಅದರ ಬದುಕನ್ನು ಅಧ್ಯಯನ ಮಾಡಿದರು. ಮುಂದೆ ಕೃಪಾಕರ-ಸೇನಾನಿ ಜೋಡಿ ವರ್ಷಗಟ್ಟಲೆ ಅದರ ಹಿಂದೆ ಅಲೆದು ಚಿತ್ರೀಕರಿಸಿತು. ಕ್ರೂರಿ ಎಂದು ಹಳಿಸಿಕೊಂಡಿದ್ದ ಪ್ರಾಣಿ ಕೂಡುಕುಟುಂಬದ ಜೀವಿ ಎಂಬುದು ಆಗ ಜನರಿಗೆ ಮನವರಿಕೆಯಾಯಿತು. ಇಡೀ ಪ್ರಪಂಚದಲ್ಲಿ ಉಳಿದಿರುವ ವಯಸ್ಕ ಸೀಳುನಾಯಿಗಳು 2,500ಕ್ಕಿಂತ ಕಡಿಮೆಯೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2015ರಲ್ಲಿ ಅಂದಾಜು ಮಾಡಿದೆ.

ಈ ಕೂಡುಬಾಳುವೆಯೇ ರೋಗದ ಕಾಲದಲ್ಲಿ ಅದಕ್ಕೆ ಮುಳುವಾಗುತ್ತದೆ. ಸೀಳುನಾಯಿಗಳು ಪರಸ್ಪರ ಮೂತಿ ನೆಕ್ಕಿ ವಂದಿಸುತ್ತವೆ; ತಿಂದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಒಂದಕ್ಕೆ ರೇಬಿಸ್, ಪಾರ್ವೊ ಅಥವಾ ಕ್ಯಾನೈನ್ ಡಿಸ್ಟೆಂಪರ್ ತಗುಲಿದರೆ ಇಡೀ ಹಿಂಡಿಗೆ ಹಬ್ಬಲು ಹೆಚ್ಚು ದಿನ ಬೇಡ. ಡಿಸ್ಟೆಂಪರ್ ನಾಯಿಗಳಿಗಷ್ಟೇ ಸೀಮಿತವಾದ ರೋಗವೂ ಅಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಅದು ಸಿಂಹಗಳ ಮೂರರಲ್ಲೊಂದು ಭಾಗವನ್ನು ಅಳಿಸಿತು. ಅದರ ಮೂಲ ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿತ್ತು. 2018ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವಕ್ಕೆ ಇದೇ ವೈರಾಣು ತಗುಲಿದ್ದು ಪತ್ತೆಯಾಯಿತು. ಸಿಂಹಕ್ಕೆ ಬಂದದ್ದು ಹುಲಿಗೆ ಬಾರದೆಂಬ ಭರವಸೆ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ.

ಇಲ್ಲಿ ಪ್ರವಾಸಿಗರ ಕಡೆಯಿಂದ ನ್ಯಾಯವಾದ ಆಕ್ಷೇಪವೊಂದು ಕೇಳಿಬರುತ್ತದೆ. ನಗರದ ಸಾಕುನಾಯಿಗೆ ಕಾಲಕಾಲಕ್ಕೆ ಲಸಿಕೆ ಬಿದ್ದಿರುತ್ತದೆ. ಕಾಡಂಚಿನ ಊರುಗಳಲ್ಲಿ ಲಸಿಕೆ ಕಾಣದ ನಾಯಿಗಳು ಹಗಲಿರುಳು ಕಾಡಿನೊಳಗೆ ಹೋಗಿ ಬರುತ್ತವೆ. ಹಾಗಿದ್ದಮೇಲೆ ಎರಡು ದಿನದ ಅತಿಥಿಯನ್ನೇ ದೂಷಿಸುವುದೇಕೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ರೋಗದ ಮಟ್ಟಿಗೆ ಹೇಳುವುದಾದರೆ ಊರನಾಯಿಗಳ ಪಾಲೇ ದೊಡ್ಡದು. ಆದರೆ ಲಸಿಕೆಯಿಂದ ರೋಗ ತಪ್ಪೀತೇ ಹೊರತು ಬೊಗಳುವುದು, ಜಿಂಕೆಯನ್ನು ಅಟ್ಟುವುದು, ಚಿರತೆಯನ್ನು ಸೆಳೆಯುವುದು, ಗುಡುಗಿಗೆ ಬೆದರಿ ಓಡುವುದು ತಪ್ಪುವುದಿಲ್ಲ. ನ್ಯಾಯದ ಪ್ರಶ್ನೆಯೂ ಇದೆ. ಒಣಸೌದೆಗೆ, ಮೇವಿಗೆ ಕಾಡಿಗೆ ಕಾಲಿಟ್ಟ ಹಳ್ಳಿಗನ ಮೇಲೆ ಮೊಕದ್ದಮೆ ಹೂಡುವ ಕಾನೂನು, ಆನೆಕಂದಕದ ಪಕ್ಕದಲ್ಲಿ ನಾಯಿಯನ್ನು ಬಿಚ್ಚಿಬಿಡುವ ವಿಹಾರಿಯನ್ನು ಅತಿಥಿಯೆಂದು ಕಂಡರೆ ಕಾಡಂಚಿನ ಜನರಲ್ಲಿ ಸಂರಕ್ಷಣೆಯ ಬಗ್ಗೆ ಗೌರವ ಉಳಿಯುವುದಾದರೂ ಹೇಗೆ? 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರ ನಿರ್ಬಂಧವನ್ನು ಈ ಭಾಗದ ಜನ ಕಾಡಿನ ಸಲುವಾಗಿ ಸಹಿಸಿಕೊಂಡು ಬಂದಿದ್ದಾರೆ. ಅದರ ಮುಂದೆ ನಾಯಿಯನ್ನು ಮನೆಯಲ್ಲಿ ಬಿಟ್ಟು ಬರುವುದು ದೊಡ್ಡ ತ್ಯಾಗವಲ್ಲ.

ಕಾನೂನಿನಲ್ಲೇ ಒಂದು ಕಂಡಿಯೂ ಉಳಿದಿದೆ. ಅಭಯಾರಣ್ಯದ ಗಡಿಯಿಂದ 5 ಕಿಲೋಮೀಟರ್ ಒಳಗಿರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯಿದೆಯ 33ಎ ವಿಧಿ ಹೇಳುತ್ತದೆ. ಆದರೆ ಜಾನುವಾರು ಎಂದರೆ ಯಾವುವೆಂದು ಪಟ್ಟಿ ಮಾಡುವಾಗ ಹಸು, ಎಮ್ಮೆ, ಆಡು, ಕುರಿ, ಒಂಟೆ, ಬಾತುಕೋಳಿಗಳವರೆಗೆ ಹೆಸರಿಸಿದ ಕಾಯಿದೆ ನಾಯಿಯನ್ನು ಹೆಸರಿಸಿಲ್ಲ. ಕಾಡಿಗೆ ಅತಿ ಹೆಚ್ಚು ರೋಗ ಒಯ್ಯಬಲ್ಲ ಸಾಕುಪ್ರಾಣಿಯೇ ಹೀಗೆ ಪಟ್ಟಿಯ ಹೊರಗುಳಿದಿದೆ. ನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿವೆ. ಗ್ರಾಮ ಪಂಚಾಯಿತಿ, ಪಶುಪಾಲನಾ ಇಲಾಖೆ, ಅರಣ್ಯ ಇಲಾಖೆಗಳು ಒಂದೆಡೆ ಕೂತು ಕಾಡಂಚಿನ ಊರುಗಳಿಗೆ ವರ್ಷಕ್ಕೊಮ್ಮೆಯಾದರೂ ನಾಯಿ ಲಸಿಕೆಯ ದಿನ ಗೊತ್ತುಮಾಡಿದರೆ ಈ ಕಂಡಿಯನ್ನು ಕಾಯಿದೆಯ ತಿದ್ದುಪಡಿಗೆ ಕಾಯದೆಯೇ ಮುಚ್ಚಬಹುದು.

ಶಿಬಿರದ ಬೆಂಕಿ ಮತ್ತು ಉಣುಗುಗಳ ಬಗ್ಗೆಯೂ ಎರಡು ಮಾತು ಅಗತ್ಯ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಹೆಕ್ಟೇರ್ ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಜೀವ ತೆತ್ತರು. ಬೇಸಿಗೆಯ ಗಾಳಿಯಲ್ಲಿ ಗುಡಾರದ ಮುಂದಿನ ಒಲೆಯ ಒಂದು ಕಿಡಿ ಎಲ್ಲಿಗೆ ಹೋಗುವುದೆಂದು ಯಾರೂ ಹೇಳಲಾರರು. ಇನ್ನು ಒಣಗಾಲವೆಂದರೆ ಮರಿ ಉಣುಗುಗಳ ಕಾಲ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಕೆಲಸಗಾರರಿಗೆ ಮಂಗನ ಕಾಯಿಲೆ ತಗುಲಿತ್ತು. ಲಂಟಾನ ಪೊದೆಗಳಲ್ಲಿ ನುಗ್ಗಿ ಬಂದ ನಾಯಿಯ ರೋಮದಲ್ಲಿ ಉಣುಗುಗಳು ಗುಡಾರದೊಳಕ್ಕೆ, ಅಲ್ಲಿಂದ ಮನೆಯವರೆಗೆ ಪಯಣಿಸುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ನಾಯಿಯೊಡನೆ ವಿಹಾರ ಬಯಸುವವರು ಹುಲಿ ಅರಣ್ಯದ ಅಂಚನ್ನು ಬಿಟ್ಟು, ಕಾಡಿನಿಂದ ದೂರದ ಬಯಲು, ಕೆರೆಯಂಗಳ, ಪರಿಚಿತರ ತೋಟಗಳನ್ನು ಆರಿಸಿಕೊಳ್ಳಬೇಕು. ಅಲ್ಲಿಯೂ ಹಗ್ಗ ಕೈಯಲ್ಲಿರಬೇಕು, ಲಸಿಕೆ ಮುಗಿದಿರಬೇಕು, ಹಿಂದಿರುಗಿದ ಮೇಲೆ ಉಣುಗುಗಳನ್ನು ಹುಡುಕಿ ತೆಗೆಯಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟು ಅವಕಾಶವಿಲ್ಲವೆಂದರೆ ಗುಡಾರವನ್ನೂ ಒಂಟಿಮರವನ್ನೂ ಬಿಟ್ಟು ಗಟ್ಟಿ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಬೆಟ್ಟ ಹತ್ತಲೇಬೇಕೆನ್ನುವವರಿಗೆ ಅರಣ್ಯ ಇಲಾಖೆ 2024ರಲ್ಲಿ ‘ಅರಣ್ಯ ವಿಹಾರ’ ಎಂಬ ಮುಂಗಡ ನೋಂದಣಿ ವ್ಯವಸ್ಥೆಯನ್ನು ಆರಂಭಿಸಿದೆ. ಆ ಹಾದಿಗಳಲ್ಲಿ ನಡೆಯುವುದಾದರೆ ನಾಯಿಯನ್ನು ಮನೆಯಲ್ಲಿ ಬಿಟ್ಟೇ ಹೊರಡಬೇಕು. ಸಾಕುಪ್ರಾಣಿಗಳಿಗೂ ಸ್ವಾಗತವೆಂದು ಫಲಕ ಹಾಕುವ ಕಾಡಂಚಿನ ವಸತಿಗೃಹಗಳು ಆ ಫಲಕವನ್ನು ತೆಗೆಯಬೇಕು. ತೆಗೆಯದಿದ್ದರೆ ಸೂಕ್ಷ್ಮ ವಲಯದ ಮೇಲ್ವಿಚಾರಣೆಯ ಹೊಣೆ ಹೊತ್ತವರು ತೆಗೆಸಬೇಕು.

ಹಳ್ಳಿಗಳ ಪಾಲಿನ ಕೆಲಸವೂ ಇದೆ. ಹೊಲ ಕಾಯುವ ನಾಯಿಗೆ ಲಸಿಕೆ ಹಾಕಿಸುವುದು, ಸತ್ತ ದನವನ್ನು ಹೂಳುವುದು, ಕೋಳಿ ಅಂಗಡಿಯ ಕಸ ಕಾಡಿನಂಚಿಗೆ ಬೀಳದಂತೆ ನೋಡಿಕೊಳ್ಳುವುದು ಊರವರ ಕೈಯಲ್ಲೇ ಇರುವ ಸಂಗತಿಗಳು. ವಿದ್ಯಾರ್ಥಿಗಳು ತಮ್ಮ ಊರಿನ ನಾಯಿಗಳನ್ನು ಎಣಿಸಿ, ಎಷ್ಟಕ್ಕೆ ಲಸಿಕೆಯಾಗಿದೆಯೆಂದು ಬರೆದು ಪಂಚಾಯಿತಿಯ ಮುಂದಿಟ್ಟರೆ ಅದು ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಆ ಪಟ್ಟಿ ಕೈಯಲ್ಲಿರುವ ಊರು ಇಲಾಖೆಯನ್ನೂ ವಸತಿಗೃಹವನ್ನೂ ಪ್ರವಾಸಿಯನ್ನೂ ಪ್ರಶ್ನಿಸುವ ಹಕ್ಕನ್ನು ತಾನಾಗಿಯೇ ಗಳಿಸಿಕೊಳ್ಳುತ್ತದೆ. ಚಳಿಗಾಲ ಸೀಳುನಾಯಿಗಳು ಗುಹೆಗಳಲ್ಲಿ ಮರಿ ಹಾಕುವ ಕಾಲ. ರಜೆಯ ಗುಡಾರಗಳು ಹೆಚ್ಚುವ ಕಾಲವೂ ಅದೇ. ಲಸಿಕೆಯ ಕೆಲಸ ಅದಕ್ಕೆ ಮೊದಲೇ ಮುಗಿಯಬೇಕಾಗಿದೆ.