ಹಾಡೂ ಬೇಕು, ಅರ್ಜಿಯೂ ಬೇಕು



ಸಿದ್ದಾಪುರದ ನಮ್ಮ ಹುಡುಗನೊಬ್ಬ ಹೊರಗುತ್ತಿಗೆ ಕೆಲಸ ಕಳಕೊಂಡು ಮನೆಯಿಂದ ಹೊರಗೇ ಬರ್ತಿಲ್ಲ. "ಎಲ್ಲಾ ಒಳ್ಳೇದಕ್ಕೇ" ಅಂತಾರೆ ಜನ. ಹತ್ತು ವರ್ಷದ ಹಿಂದೆ ಶಿರಸಿಯಲ್ಲಿ ನನ್ನ ಗುಮಾಸ್ತಿಕೆಯೂ ಹೀಗೇ ಹೋಗಿತ್ತು. ಒಳ್ಳೇದೇನೂ ಆಗ್ಲಿಲ್ಲ, ಸಾಲ ಆಯ್ತು.

ನನ್ನನ್ನು ಎಬ್ಬಿಸಿದ್ದು ಬಾಬಾಸಾಹೇಬರ ಬದುಕು. 1917ರಲ್ಲಿ ಬರೋಡಾದಲ್ಲಿ ಜಾತಿಯ ಕಾರಣಕ್ಕೆ ಉಳಿಯೋಕೆ ಜಾಗ ಸಿಗದೆ ಅವರು ನೌಕರಿ ಬಿಡಬೇಕಾಯ್ತು. 1920ರಲ್ಲಿ 'ಮೂಕನಾಯಕ' ಪತ್ರಿಕೆ ತಂದರು. 1956ರಲ್ಲಿ ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು.

ನಾನೂ ಸಂಜೆ ಬುದ್ಧವಂದನೆ, ರಾತ್ರಿ ಹೋರಾಟದ ಹಾಡು ಬರೆಯೋದು ಶುರುಮಾಡಿದೆ. ಯಲ್ಲಾಪುರದ ಸಭೆಯಲ್ಲಿ ಹಾಡಿದ ದಿನ, ನಾನು ಬರೀ ಗುಮಾಸ್ತ ಅಲ್ಲ ಅಂತ ಗೊತ್ತಾಯ್ತು.

ಆದರೆ ಹಾಡು ಅಕ್ಕಿ ತರೋದಿಲ್ಲ. ಧಮ್ಮ ಇರೋದು ಸಹಿಸಿಕೊಳ್ಳೋಕಲ್ಲ, ತಲೆ ಎತ್ತಿ ಕೇಳೋಕೆ. ಈ ಭಾನುವಾರ ಆ ಹುಡುಗನ ಮನೆಗೆ ಹೋಗ್ತಿದ್ದೇನೆ. ಒಂದು ಕೈಯಲ್ಲಿ ಖಾಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಬಾಕಿ ಸಂಬಳದ ಅರ್ಜಿ. ಬರೋರು ಬನ್ನಿ.