ತಕ್ಕಡಿಯಲ್ಲಿ ಸಣ್ಣ ಬಟ್ಟಿಗೂ ಬೆಲೆಯಿದೆ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಗಳಿಗೆ ಕರೆಂಟಿನ ತಕ್ಕಡಿ ಬಂದು ಎಷ್ಟೋ ವರ್ಷವಾಯಿತು. ಆದರೂ ಹಳೆಯ ವ್ಯಾಪಾರಸ್ಥರಿಗೆ ಒಂದು ಮಾತು ಮರೆತಿಲ್ಲ. ಐದು ಕೆ.ಜಿ. ಬಟ್ಟು ಇಟ್ಟ ಮಾತ್ರಕ್ಕೆ ತೂಕ ಸರಿಹೋಗುತ್ತಿರಲಿಲ್ಲ. ಕೊನೆಗೆ ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದುದು ಐವತ್ತು ಗ್ರಾಂ ಬಟ್ಟು. ದೊಡ್ಡ ಬಟ್ಟಿಗೆ ಬೀಳುತ್ತಿದ್ದ ಸರ್ಕಾರಿ ಮುದ್ರೆಯೇ ಸಣ್ಣದಕ್ಕೂ ಬೀಳುತ್ತಿತ್ತು.

ವಿಧಾನಸಭೆಯ ಲೆಕ್ಕವೂ ಇದೇ. ಆದರೆ ಚುನಾವಣೆ ಬಂತೆಂದರೆ ಸಾಕು, ಸಾಗರದ ಬಸ್ಸಿನಲ್ಲಿ, ಭದ್ರಾವತಿಯ ಬಸ್ಸಿನಲ್ಲಿ ಒಂದೇ ಮಾತು: 'ಸಣ್ಣ ಪಕ್ಷಕ್ಕೆ ವೋಟು ಹಾಕಿದ್ರೆ ವೇಸ್ಟು ಮಾರಾಯ್ರೆ! ಗೆಲ್ಲೋರಿಗೆ ಹಾಕಿ.' ಎರಡು ದೊಡ್ಡ ಪಕ್ಷಗಳಿಗೂ ಈ ಮಾತು ಬಲು ಇಷ್ಟ. ಬೇರೆ ಎಲ್ಲದಕ್ಕೂ ಕಚ್ಚಾಡುವವರು ಇದೊಂದಕ್ಕೆ ಮಾತ್ರ ಒಂದಾಗುತ್ತಾರೆ. ಮತದಾರ ಮಹಾಪ್ರಭು ಇದನ್ನು ನಂಬುವ ಮೊದಲು ಸ್ವಲ್ಪ ತೂಗಿ ನೋಡುವುದು ಒಳ್ಳೆಯದು.

2023ರ ಮೇ ತಿಂಗಳ ಫಲಿತಾಂಶವನ್ನೇ ತೆಗೆದುಕೊಳ್ಳಿ. 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66. ಉಳಿದದ್ದು ಜೆಡಿಎಸ್‌ಗೆ 19, ಸರ್ವೋದಯ ಕರ್ನಾಟಕ ಪಕ್ಷಕ್ಕೆ 1, ಕಲ್ಯಾಣ ರಾಜ್ಯ ಪ್ರಗತಿ ಪಕ್ಷಕ್ಕೆ 1, ಪಕ್ಷೇತರರು ಇಬ್ಬರು. ಈ ಸಣ್ಣವರೆಲ್ಲ ಸೇರಿದರೆ 23. ಸದನ ನಡೆಯಲು ಸಂವಿಧಾನ ಕೇಳುವ ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಅಂದರೆ ಅದೂ 23. ದೊಡ್ಡ ಪಕ್ಷಗಳ 201 ಮಂದಿ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಕೂತರೂ ಈ 23 ಮಂದಿ ತಮ್ಮ ಜಾಗದಲ್ಲಿ ಕೂತಿದ್ದರೆ ಸದನ ನಡೆಯುತ್ತಿತ್ತು! ಆಮೇಲೆ ಆ ಸಂಖ್ಯೆ ಕರಗಿತು ಅನ್ನುವುದು ಬೇರೆ ಮಾತು. ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2024ರ ಮಾರ್ಚಿನಲ್ಲಿ ಬಿಜೆಪಿಯಲ್ಲಿ ಲೀನವಾಯಿತು. ಅದೇ ವರ್ಷ ನವೆಂಬರಿನ ಉಪಚುನಾವಣೆಯಲ್ಲಿ ಚನ್ನಪಟ್ಟಣ ಜೆಡಿಎಸ್ ಕೈತಪ್ಪಿತು.

ಸಣ್ಣ ಪಕ್ಷದ ಬೆಲೆ ಏನೆಂದು ಬೇರೆ ಜಿಲ್ಲೆಯವರು ಕೇಳಬಹುದು. ಶಿವಮೊಗ್ಗ ಜಿಲ್ಲೆಯವರು ಕೇಳುವಂತಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಒಂದು ಅಳತೆಯ ವಿಷಯಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದು ಎಂಬುದೇ ಅವರ ದೂರು. ಅಳತೆಯಲ್ಲಿ ಮೋಸವಾದರೆ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಧಿಕಾರದಲ್ಲಿದ್ದ ದೊಡ್ಡ ಪಕ್ಷಕ್ಕೆ ಆ ದೂರು ಕೇಳಿಸಲಿಲ್ಲ. ಕೇಳಿಸಿಕೊಂಡದ್ದು ಬೆರಳೆಣಿಕೆಯ ಸಮಾಜವಾದಿಗಳು. ಲೋಹಿಯಾ ಬಂದರು, ಬಂಧನವಾಯಿತು. ಶಾಂತವೇರಿ ಗೋಪಾಲಗೌಡರು ಸೆರೆ ಕಂಡರು, ಮರುವರ್ಷ 1952ರ ಚುನಾವಣೆಯಲ್ಲಿ ಗೆದ್ದು ಶಾಸನಸಭೆ ಹೊಕ್ಕರು.

ಗೌಡರ ಬೆನ್ನಿಗಿದ್ದ ಸಂಖ್ಯೆ ಎಷ್ಟು? ಯಾವ ಸರ್ಕಾರವನ್ನೂ ಅಲ್ಲಾಡಿಸುವಷ್ಟಲ್ಲ. ಮಂತ್ರಿ ಪದವಿ ಅವರ ಬಾಗಿಲಿಗೆ ಬರಲಿಲ್ಲ. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಉಳುವವನಿಗೆ ಭೂಮಿ ಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕು ಎಂದು ವಾದಿಸುತ್ತಲೇ ಇದ್ದರು. 1972ರಲ್ಲಿ ಅವರು ತೀರಿಕೊಂಡಾಗ ಎರಡೂ ಕೈಗೂಡಿರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ಸಹಿ ಹಾಕಿದ್ದು ದೊಡ್ಡ ಪಕ್ಷ. ಆದರೆ ವರ್ಷಗಟ್ಟಲೆ ಕೂಗಿ ಕೂಗಿ ಆ ಕಾಗದವನ್ನು ಮೇಜಿನ ಮೇಲೆ ತರಿಸಿದವರಲ್ಲಿ ಸಣ್ಣ ಪಕ್ಷದವರು ಮುಂದಿನ ಸಾಲಿನವರು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂದು ಪಹಣಿ ಇದ್ದರೆ, ಅದರ ಹಿಂದೆ ಅಂದಿನ 'ವೇಸ್ಟು' ವೋಟುಗಳಿವೆ.

ಇದೇ ಜಿಲ್ಲೆಯಿಂದ 1967ರಲ್ಲಿ ಲೋಕಸಭೆಗೆ ಹೋದ ಜೆ.ಎಚ್. ಪಟೇಲರೂ ಸಂಯುಕ್ತ ಸಮಾಜವಾದಿ ಪಕ್ಷದವರೇ. ದೆಹಲಿಯ ಆ ಸದನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ್ದು ಆಳುವ ಪಕ್ಷದ ಸದಸ್ಯರಲ್ಲ, ಈ ಸಣ್ಣ ಪಕ್ಷದ ಪಟೇಲರು. ಇನ್ನು ಬಿಜೆಪಿಯ ಮಾತು. 1985ರಲ್ಲಿ ವಿಧಾನಸಭೆಯಲ್ಲಿ ಅದಕ್ಕಿದ್ದುದು ಎರಡೇ ಸ್ಥಾನ. ಅದರಲ್ಲಿ ಒಂದು ಶಿಕಾರಿಪುರದ್ದು. 2008ರಲ್ಲಿ ಅದೇ ಪಕ್ಷ 110 ಸ್ಥಾನ ಗೆದ್ದು ಸರ್ಕಾರ ಮಾಡಿತು. ಅಂದು ಶಿಕಾರಿಪುರದವರು ಗೆಲ್ಲುವ ಪಕ್ಷ ಯಾವುದೆಂದು ನೋಡಿ ವೋಟು ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಿನ್ನೆಯ ಸಣ್ಣವರು ಇಂದಿನ ದೊಡ್ಡವರು. ದೊಡ್ಡವರಾದ ಮೇಲೆ ಹಳೆಯದನ್ನು ಮರೆಯುವುದು ರಾಜಕೀಯದ ರೂಢಿ.

ಸಣ್ಣ ಬಟ್ಟು ಸರಿಯಾಗಿ ಕೆಲಸ ಮಾಡಿದ ಕಾಲವೂ ಉಂಟು. 1983ರಲ್ಲಿ ಜನತಾ ಪಕ್ಷಕ್ಕೆ ಬಂದದ್ದು 95. ಬಹುಮತಕ್ಕೆ ಬೇಕಾದದ್ದು 113. ಬಿಜೆಪಿಯ 18 ಮಂದಿ ಹೊರಗಿನಿಂದ ಕೈ ಕೊಟ್ಟರು, ಎಡಪಕ್ಷಗಳೂ ಬೆಂಬಲಿಸಿದವು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಸ್ವಂತ ಬಲವಿಲ್ಲದ ಆ ಸರ್ಕಾರ ಪ್ರತಿ ಹೆಜ್ಜೆಗೂ ನಾಲ್ಕು ಜನರ ಮಾತು ಕೇಳಬೇಕಾಯಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾಯಿದೆ, 1984ರ ಲೋಕಾಯುಕ್ತ ಕಾಯಿದೆ ಎರಡೂ ಆ ಕಾಲದವೇ. ಬಹುಮತವಿಲ್ಲದ ಸರ್ಕಾರ ಅಂದರೆ ಬಲಹೀನ ಸರ್ಕಾರ ಅನ್ನುವವರು ಇದಕ್ಕೇನನ್ನುತ್ತಾರೋ!

ಹಾಗೆಂದು ಸಣ್ಣವರದ್ದೆಲ್ಲ ಸರಿ ಎಂದರೆ ಅದೂ ಕಳ್ಳ ತೂಕವೇ. 2018ರಲ್ಲಿ ಜೆಡಿಎಸ್‌ಗೆ ಬಂದದ್ದು 37 ಸ್ಥಾನ, ಸಿಕ್ಕಿದ್ದು ಮುಖ್ಯಮಂತ್ರಿ ಖುರ್ಚಿ. ಖುರ್ಚಿ ಸಿಕ್ಕಿದ್ದೇ ಪಕ್ಷ ಬೆಳೆದಂತೆ ಎಂದು ಭಾವಿಸಿದ್ದು ತಪ್ಪಾಯಿತು. ಹದಿನಾಲ್ಕು ತಿಂಗಳಲ್ಲಿ ಶಾಸಕರು ಸಾಲುಗಟ್ಟಿ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ವಿಶ್ವಾಸಮತಕ್ಕೆ ಬಿದ್ದದ್ದು 99, ವಿರುದ್ಧ 105. ಸರ್ಕಾರ ಹೋಯಿತು. ಮುಂದಿನ ಚುನಾವಣೆಯಲ್ಲಿ 37 ಹೋಗಿ 19 ಉಳಿಯಿತು. ಬಿಎಸ್‌ಪಿಗೆ 2018ರಲ್ಲಿ ಸಿಕ್ಕಿದ್ದು ಕೊಳ್ಳೇಗಾಲ ಒಂದೇ. ಆ ಒಬ್ಬ ಶಾಸಕರು ಮಂತ್ರಿಯಾದರು, ಬಿಟ್ಟರು, ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಪಕ್ಷದಿಂದ ಉಚ್ಚಾಟನೆಯಾದರು, 2021ರಲ್ಲಿ ಬಿಜೆಪಿ ಸೇರಿದರು. ಒಂದೇ ಬೀಜ ಬಿತ್ತಿದ್ದು, ಅದೂ ಬೇರೆಯವರ ಹೊಲದಲ್ಲಿ ಮೊಳೆಯಿತು. ವೋಟು ಹಾಕಿದವರು ಯಾರನ್ನು ಕೇಳಬೇಕು?

ಕಾನೂನಿನ ಬಲೆಯೂ ಸಣ್ಣವರ ಪಾಲಿಗೆ ಸಡಿಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನನ್ನು 2003ರಲ್ಲಿ ಬಿಗಿ ಮಾಡಿದರು. ಈಗ ಪಕ್ಷ ವಿಲೀನವಾಗಬೇಕಾದರೆ ಮೂರನೇ ಎರಡು ಭಾಗ ಶಾಸಕರು ಒಪ್ಪಬೇಕು. ಕೇಳಲು ಚೆಂದ. ಆದರೆ 135 ಶಾಸಕರ ಪಕ್ಷದಲ್ಲಿ 90 ಮಂದಿಯನ್ನು ಎಬ್ಬಿಸಬೇಕು, ಮೂರು ಶಾಸಕರ ಪಕ್ಷದಲ್ಲಿ ಇಬ್ಬರನ್ನು ಒಪ್ಪಿಸಿದರೆ ಸಾಕು. ಸಗಟು ವ್ಯಾಪಾರಕ್ಕೆ ಕಟ್ಟುನಿಟ್ಟು, ಚಿಲ್ಲರೆ ವ್ಯಾಪಾರಕ್ಕೆ ಬಾಗಿಲು ತೆರೆದಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುತ್ತಿರುವುದು ಸದನದ ಒಳಗೇ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಈ ರಾಜ್ಯದ್ದೇ 2005ರ ಕಾಯಿದೆ ಇದೆ. ಮಾಡಿದವರೇ ಅದನ್ನು ಮರೆತಿದ್ದಾರೆ, ಬಹುತೇಕ ವರ್ಷ ಆ ಲೆಕ್ಕ ಮುಟ್ಟಿಲ್ಲ. ನಡೆದ ದಿನಗಳಲ್ಲಾದರೂ ಏನು? 2025ರ ಮಾರ್ಚ್ 21ರಂದು ಗದ್ದಲ ಎಷ್ಟಾಯಿತೆಂದರೆ ಬಿಜೆಪಿಯ 18 ಶಾಸಕರನ್ನು ಅಮಾನತು ಮಾಡಲಾಯಿತು, ಮುಂದೆ ಮೇ ತಿಂಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಅದೇ ದಿನ, ಅದೇ ಗದ್ದಲದ ನಡುವೆ, ಮಂತ್ರಿಗಳ ಮತ್ತು ಶಾಸಕರ ಸಂಬಳ ಏರಿಸುವ ಮಸೂದೆಗಳು ಮಾತ್ರ ಸಲೀಸಾಗಿ ಪಾಸಾದವು. ಆನೆಗಳ ಜಗಳದಲ್ಲಿ ನಲುಗುವುದು ಗರಿಕೆ. ದೊಡ್ಡ ಪಕ್ಷದವರಿಗೆ ಮಾತಾಡಲು ಟಿ.ವಿ. ಇದೆ, ವೇದಿಕೆ ಇದೆ, ಪತ್ರಿಕಾಗೋಷ್ಠಿ ಇದೆ. ಸಣ್ಣ ಪಕ್ಷದ ಸದಸ್ಯನಿಗೆ ಇರುವುದು ಪ್ರಶ್ನೋತ್ತರದ ಒಂದು ತಾಸು, ಶೂನ್ಯವೇಳೆಯ ಎರಡು ನಿಮಿಷ. ಅದೂ ಕೂಗಾಟದಲ್ಲಿ ಮುಳುಗಿದರೆ ಅವನನ್ನು ಕಳಿಸಿದ ಕ್ಷೇತ್ರದ ರಸ್ತೆ, ಬಸ್ಸು, ಆಸ್ಪತ್ರೆಯ ಮಾತೂ ಮುಳುಗಿದಂತೆ.

1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಖಡಾಖಂಡಿತವಾಗಿ ಹೇಳಿತು: ಬಹುಮತ ಪರೀಕ್ಷೆಯಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ತೂಗುವ ಜಾಗ ಸದನವೇ ಆದರೆ ಅಲ್ಲಿ ಪ್ರತಿ ಬಟ್ಟಿಗೂ ಜಾಗ ಇರಬೇಕಲ್ಲವೇ? ಆದ್ದರಿಂದ ಕೇಳುವುದು ಹೆಚ್ಚೇನಲ್ಲ. 60 ದಿನದ ಕಾಯಿದೆ ಪಾಲಿಸಲಿ. ಎಷ್ಟೇ ಗದ್ದಲವಿದ್ದರೂ ಸಣ್ಣ ಪಕ್ಷಗಳ, ಪಕ್ಷೇತರರ ಪ್ರಶ್ನೆಗೆ ದಿನವೂ ಒಂದಿಷ್ಟು ಹೊತ್ತು ಕಡ್ಡಾಯವಾಗಿ ಮೀಸಲಿಡಲಿ. ಚರ್ಚೆಯಿಲ್ಲದೆ ಮಸೂದೆ ಪಾಸು ಮಾಡುವ ಚಾಳಿ ನಿಲ್ಲಲಿ.

ಸಣ್ಣ ಪಕ್ಷಗಳಿಗೂ ಒಂದು ಮಾತು. ಎಷ್ಟು ಮಂತ್ರಿಗಿರಿ ಸಿಕ್ಕಿತು ಎಂದು ಎಣಿಸುವುದನ್ನು ಬಿಟ್ಟು, ಎಷ್ಟು ಪ್ರಶ್ನೆ ಕೇಳಿದೆವು ಎಂದು ಎಣಿಸಲಿ. 2023ರಲ್ಲಿ ಈ ಜಿಲ್ಲೆಯ ಏಳು ಸ್ಥಾನಗಳಲ್ಲಿ ಮೂರು ಕಾಂಗ್ರೆಸ್ಸಿಗೆ, ಮೂರು ಬಿಜೆಪಿಗೆ ಹೋದವು. ಏಳನೆಯದು, ಶಿವಮೊಗ್ಗ ಗ್ರಾಮಾಂತರ, ಜೆಡಿಎಸ್‌ಗೆ ಬಂತು. ಆ ಪಕ್ಷ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಜೆಪಿಯ ಮೈತ್ರಿಕೂಟ ಸೇರಿತು. ಮೈತ್ರಿ ಮಾಡಿಕೊಳ್ಳುವುದು ಅವರವರ ಇಷ್ಟ. ಆದರೆ ದೊಡ್ಡ ಬಟ್ಟಿಗೆ ಕಟ್ಟಿಬಿಟ್ಟ ಸಣ್ಣ ಬಟ್ಟು ಬೇರೆಯಾಗಿ ತೂಗಲಾರದು ಎಂಬುದು ನೆನಪಿರಲಿ.

ಬಸ್ಸಿನಲ್ಲಿ ನಿಂತು ಹೋಗುವವನೂ ಕೂತವನಷ್ಟೇ ಟಿಕೆಟ್ ದುಡ್ಡು ಕೊಟ್ಟಿರುತ್ತಾನೆ. ಸೋತ ಪಕ್ಷಕ್ಕೆ, ಸಣ್ಣ ಪಕ್ಷಕ್ಕೆ ವೋಟು ಹಾಕಿದವನೂ ಗೆದ್ದವರಿಗೆ ಹಾಕಿದವನಷ್ಟೇ ತೆರಿಗೆ ಕಟ್ಟುತ್ತಾನೆ. ಅವನ ಮಾತು ಸದನದಲ್ಲಿ ಕೇಳಿಸಬೇಕು. ಮುಂದಿನ ಸಲ ಯಾರಾದರೂ 'ವೋಟು ವೇಸ್ಟು' ಅಂದರೆ, ಕಾಗೋಡು ಯಾವ ಕಡೆ ಇದೆ ಎಂದು ಕೇಳಿ ನೋಡಿ. ಸಾಗರದ ಬಸ್ಸು ದಿನವೂ ಇದೆ.