ಆಟಗಾರನು ಯಾರ ಸೊತ್ತು?

ನಮ್ಮವನೆಂದು ಬೆಳೆಸಿದ ಆಟಗಾರನು ಎದುರು ತಂಡವನ್ನು ಸೇರಿ ನಮ್ಮ ಮುಂದೆಯೇ ತೊಡೆತಟ್ಟಿ ನಿಂತರೆ ಸಹಿಸುವದು ಕಠಿಣವು. ಹೋದವನು ದ್ರೋಹಿಯೆಂದು ಕೆಲವರು, ಕರೆದುಕೊಂಡವರು ಕಳ್ಳರೆಂದು ಕೆಲವರು ನುಡಿಯುವರು. ಯಲವಿಗಿಯಂಥ ಊರಿನ ಕಟ್ಟೆಯ ಮೇಲೂ ಈ ಮಾತು ಹೊಸದಲ್ಲ. ಆದಕಾರಣ ಈ ತಿಂಗಳು ಇದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಕ್ರಿಕೆಟ್ಟಿನ ಕರುಣ ನಾಯರರನ್ನು ನೋಡಿರಿ. 2016ರ ಡಿಸೆಂಬರದಲ್ಲಿ ಚೆನ್ನೈಯೊಳಗೆ ಇಂಗ್ಲಂಡದ ವಿರುದ್ಧ ಔಟಾಗದೆ 303 ರನ್ನು ಗಳಿಸಿದ ಈ ಕರ್ನಾಟಕದ ಆಟಗಾರರಿಗೆ 2022ರಲ್ಲಿ ಕರ್ನಾಟಕದ ತಂಡದಲ್ಲಿಯೇ ಸ್ಥಳವಿಲ್ಲದಂತಾಯಿತು. ಅವರು ಮರುವರ್ಷ ವಿದರ್ಭವನ್ನು ಸೇರಿದರು. 2025ರ ಜನವರಿಯಲ್ಲಿ ವಿಜಯ ಹಜಾರೆ ಪಂದ್ಯಾವಳಿಯ ಕಡೆಯ ಆಟದಲ್ಲಿ ವಿದರ್ಭದ ನಾಯಕರಾಗಿ ಕರ್ನಾಟಕವನ್ನೇ ಎದುರಿಸಿದರು. ಕರ್ನಾಟಕವು 36 ರನ್ನುಗಳಿಂದ ಗೆದ್ದಿತು. ಮಾರ್ಚದಲ್ಲಿ ಮುಗಿದ ರಣಜಿ ಅಂತಿಮ ಪಂದ್ಯದಲ್ಲಿ ಅವರು 86 ಮತ್ತು 135 ರನ್ನು ಹೊಡೆದರು. ಪ್ರಶಸ್ತಿಯು ವಿದರ್ಭದ ಪಾಲಾಯಿತು. ಅದೇ ವರ್ಷ ಅವರು ಕರ್ನಾಟಕಕ್ಕೆ ಮರಳಿದರು. ಹೀಗೆ ರಾಜ್ಯ ಬದಲಿಸುವವನು ಹಳೆಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕೆಂಬುದು ನಿಯಮವು. ಹೊರಡುವವನು 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುವದು ನಮ್ಮ ನಾಡಿನ ವಾಡಿಕೆ. ಆ ಪತ್ರದ ಒಳಗಿನ ಅರ್ಥವೂ ಅದೇ ಆಗಿರಬೇಕು.

ತರಬೇತುಗಾರರು ಮಾತ್ರ ಒಂದೇ ಕಡೆ ನಿಲ್ಲುವರೇ? ಚಂದ್ರಕಾಂತ ಪಂಡಿತರು 2016ರಲ್ಲಿ ಮುಂಬಯಿಗೆ, 2018 ಮತ್ತು 2019ರಲ್ಲಿ ವಿದರ್ಭಕ್ಕೆ ರಣಜಿ ಪ್ರಶಸ್ತಿಯನ್ನು ದೊರಕಿಸಿದರು. 2022ರಲ್ಲಿ ಬೆಂಗಳೂರಿನಲ್ಲಿ ಅವರು ತಿದ್ದಿದ ಮಧ್ಯಪ್ರದೇಶದ ತಂಡವು ಮುಂಬಯಿಯನ್ನೇ ಸೋಲಿಸಿತು. ಯಾರೂ ಅವರನ್ನು ಕಟ್ಟಿಹಾಕಲಿಲ್ಲ. ಗುರುವಿಗಿರುವ ಸ್ವಾತಂತ್ರ್ಯವು ಶಿಷ್ಯನಿಗೇಕೆ ಬೇಡ?

ಅಮೇರಿಕೆಯ ಕಾಲೇಜುಗಳ ಫುಟ್‌ಬಾಲಿನಲ್ಲಿ ಇದೇ ಪ್ರಶ್ನೆಯು ದೊಡ್ಡ ವ್ಯಾಜ್ಯವಾಯಿತು. ಅಲ್ಲಿಯ ತರಬೇತುಗಾರರು ಹೆಚ್ಚು ಸಂಬಳದ ಕಡೆಗೆ ಸಲೀಸಾಗಿ ಹೋಗುತ್ತಿದ್ದರು. ವಿದ್ಯಾರ್ಥಿಯು ಹೊರಟರೆ ಹಳೆಯ ಕಾಲೇಜು ಅಡ್ಡ ಬರಬಹುದಾಗಿತ್ತು, ಮೇಲೆ ಒಂದು ವರ್ಷ ಆಡದೆ ಕೂಡ್ರಬೇಕಾಗಿತ್ತು. 2018ರ ಅಕ್ಟೋಬರದಿಂದ, ಹೋಗುವವನು ತಿಳಿಸಿ ಹೆಸರು ನೋಂದಿಸಿದರೆ ಸಾಕೆಂದಾಯಿತು. 2021ರಲ್ಲಿ ಮೊದಲ ಸಲ ಕಾಲೇಜು ಬದಲಿಸುವವರಿಗೆ ಆ ಒಂದು ವರ್ಷದ ತಡೆಯೂ ತಪ್ಪಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅಪ್ಪಣೆ ದೊರೆಯಿತು. ಅಂದಿನಿಂದ, ನೋಂದಣಿಗೆ ಮೊದಲೇ ಗುಟ್ಟಾಗಿ ಹಣದಾಸೆ ತೋರಿಸಿ ಹುಡುಗರನ್ನು ಸೆಳೆಯುವರೆಂಬ ದೂರು ತರಬೇತುಗಾರರ ಬಾಯಲ್ಲಿ ಎದ್ದಿದೆ.

ಹೋಗುವದು ಬೇರೆ, ಸೆಳೆಯಲ್ಪಡುವದು ಬೇರೆ. ಈ ಭೇದವನ್ನು ಮಹಾಭಾರತದಲ್ಲಿ ಕಾಣಬಹುದು. ನಕುಲ ಸಹದೇವರ ಸೋದರಮಾವನಾದ ಶಲ್ಯನು ಪಾಂಡವರ ಕಡೆಗೆ ಹೊರಟಿದ್ದನು. ದುರ್ಯೋಧನನು ತನ್ನ ಹೆಸರು ತಿಳಿಯದಂತೆ ದಾರಿಯುದ್ದಕ್ಕೂ ಉಪಚಾರ ಮಾಡಿಸಿ, ಮೆಚ್ಚಿ ವರವಿತ್ತ ಅವನನ್ನು ತನ್ನ ಸೇನೆಗೆ ಎಳೆದುಕೊಂಡನು. ಶಲ್ಯನ ದೇಹ ಒಂದು ಕಡೆ, ಮನಸ್ಸು ಇನ್ನೊಂದು ಕಡೆಯಾಯಿತು. ಧರ್ಮರಾಜನಾದರೋ ಯುದ್ಧಾರಂಭದಲ್ಲಿ ಎರಡೂ ಸೇನೆಗಳ ನಡುವೆ ನಿಂತು, ತನ್ನ ಪಕ್ಷಕ್ಕೆ ಬರುವವರು ಬರಲೆಂದು ಎಲ್ಲರೂ ಕೇಳುವಂತೆ ಕೂಗಿದನು. ಧೃತರಾಷ್ಟ್ರನ ಮಗ ಯುಯುತ್ಸುವು ಎಲ್ಲರ ಕಣ್ಣೆದುರಿಗೇ ದಾಟಿ ಬಂದನು.

ಪಾಠ ಹೇಳಿ ಬಾಳು ಸವೆಸಿದ ನಮ್ಮ ಅಭಿಪ್ರಾಯವಿಷ್ಟೆ: ಕಲಿಸಿದ ವಿದ್ಯೆಯು ಗುರುವು ಕೊಟ್ಟ ಸಾಲವಲ್ಲ, ಶಿಷ್ಯನು ಅದಕ್ಕೆ ಒತ್ತೆಯಾಳೂ ಅಲ್ಲ. ಆಟಗಾರನ ಪ್ರಾಯವು ಬಲು ಚಿಕ್ಕದು. ಹಟಕ್ಕಾಗಿ ಅವನನ್ನು ಒಂದು ವರ್ಷ ಕೂಡ್ರಿಸಿದರೆ ಆ ವರ್ಷವನ್ನು ತುಂಬಿಕೊಡುವವರಾರು? ಕೇಳಿದವನಿಗೆ ಪತ್ರವನ್ನು ಪ್ರಸನ್ನಮುಖದಿಂದ ಕೊಡುವದು ಸಂಸ್ಥೆಗೆ ಭೂಷಣ. ತಂದೆತಾಯಿಗಳಾದವರು, ಗುಟ್ಟಾಗಿ ಬಂದ ಉಪಚಾರವು ಯಾರದೆಂದು ವಿಚಾರಿಸದೆ ಮಗನ ಪರವಾಗಿ ಮಾತು ಕೊಡಬಾರದು. ಹೊಸ ತಂಡವನ್ನು ಸೇರುವ ಮೊದಲು ಮಗನು ಹಳೆಯ ಗುರುವಿನ ಮನೆಗೆ ಹೋಗಿ ನಮಸ್ಕರಿಸಿ, 'ಬರುತ್ತೇನೆ' ಎಂದು ಹೇಳಿ ಹೊರಡಲಿ.